ವಸ್ತಾದನ ಹೆಸರಿಲ್ಲದ ಪೈಲ್ವಾನ

1943ರ ಮಾರ್ಚ್ 14, ರವಿವಾರದ ಕುಸ್ತಿಗಳಿಗಾಗಿ ಶಿಗ್ಗಾಂವದ ಪೇಟೆ ಗರಡಿಯವರು ಅಚ್ಚು ಹಾಕಿಸಿದ ಹಸ್ತಪತ್ರಿಕೆಯಲ್ಲಿ ಹನ್ನೊಂದು ಜೋಡಿಗಳಿದ್ದವು. ಪ್ರತಿಯೊಬ್ಬ ಪೈಲ್ವಾನನ ಹೆಸರು, ಮುಂದೆ ಅವನ ಊರು, ಕೆಳಗೆ ಅವನಿಗೆ ಕಲಿಸಿದ ವಸ್ತಾದನ ಹೆಸರು. ಹತ್ತು ಜೋಡಿಗಳಲ್ಲಿ ಈ ಕ್ರಮ ತಪ್ಪಿರಲಿಲ್ಲ. ಹನ್ನೊಂದನೆಯದು ದೊಡ್ಡ ಕುಸ್ತಿ. ಎಡಗಡೆ, ಬಸವಣ್ಣೆಪ್ಪ, ಶಿಗ್ಗಾಂವ, ವಸ್ತಾದ ಹುಸೇನಸಾಬ. ಬಲಗಡೆ, ನೀಲಪ್ಪ, ಸವಣೂರು, ವಸ್ತಾದ; ಮುಂದೆ ಹೆಸರಿರಲಿಲ್ಲ, ಒಂದು ಗೆರೆ ಇತ್ತು.

ಅದು ಮುದ್ರಣದ ತಪ್ಪಲ್ಲ. ಐದು ವರ್ಷಗಳಿಂದ ನೀಲಪ್ಪ ಎಲ್ಲಿ ಕುಸ್ತಿ ಹಿಡಿದರೂ ಆ ಜಾಗದಲ್ಲಿ ಗೆರೆಯೇ ಇರುತ್ತಿತ್ತು. ಕಣದಲ್ಲಿ ಕೂಗಿ ಹೇಳುವವನು "ಇವರ ವಸ್ತಾದರು..." ಎಂದು ತಡವರಿಸಿದಾಗ ಜನರ ನಡುವಿನಿಂದ ಯಾರಾದರೊಬ್ಬ "ಅವರವ್ವ!" ಎಂದು ಕೂಗುವುದೂ, ಉಳಿದವರು ನಗುವುದೂ ರೂಢಿಯಾಗಿಹೋಗಿತ್ತು. ಹಾನಗಲ್ಲಿನಲ್ಲೂ ನಕ್ಕಿದ್ದರು, ಹುಬ್ಬಳ್ಳಿಯಲ್ಲೂ ನಕ್ಕಿದ್ದರು. ನೀಲಪ್ಪ ಗೆದ್ದ ಮೇಲೆ ಯಾರೂ ನಗುತ್ತಿರಲಿಲ್ಲ. ಆದರೆ ಮುಂದಿನ ಊರಿನಲ್ಲಿ ನಗೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ನೀಲಪ್ಪ ಹುಟ್ಟಿದ್ದು ಶಿಗ್ಗಾಂವದ ಕೆಳಗೇರಿಯಲ್ಲಿ. ಪೇಟೆ ಗರಡಿಯ ಕಣಕ್ಕೆ ಕೆಮ್ಮಣ್ಣು ಒದಗಿಸುವುದು ಅವನ ಅಪ್ಪನ ಕೆಲಸವಾಗಿತ್ತು. ದಸರೆ ಮುಗಿದ ಮೇಲೆ ಕೆರೆಯಾಚೆಯ ದಿಬ್ಬದಿಂದ ಮಣ್ಣು ಅಗೆದು, ಗಾಡಿಯಲ್ಲಿ ತಂದು, ಗರಡಿಯ ಅಂಗಳದಲ್ಲಿ ಜರಡಿ ಹಿಡಿದು ಹಸನು ಮಾಡಿ ಕೊಡಬೇಕು. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಕಲಸಿ ಪೂಜೆ ಮಾಡಿದ ಮೇಲೆ ಅದೇ ಮಣ್ಣನ್ನು ಆ ಮನೆಯವರು ಮುಟ್ಟುವಂತಿರಲಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

1934ರಲ್ಲಿ, ನೀಲಪ್ಪನಿಗೆ ಹದಿನಾರು ವರ್ಷವಾಗಿದ್ದಾಗ, ಮಣ್ಣು ತುಂಬಿದ ಗಾಡಿಯ ಗಾಲಿ ಗರಡಿಯ ಮುಂದಿನ ಗಟಾರದಲ್ಲಿ ಇಳಿಯಿತು. ಅವನು ಎತ್ತು ಬಿಚ್ಚಿ, ಒಬ್ಬನೇ ಹೆಗಲು ಕೊಟ್ಟು ಗಾಲಿಯನ್ನು ಮೇಲೆತ್ತಿದ. ಗರಡಿಯ ಬಾಗಿಲಲ್ಲಿ ನಿಂತು ಹುಸೇನಸಾಬ ಅದನ್ನು ನೋಡಿದ. ಮರುದಿನ ಮಧ್ಯಾಹ್ನ, ಗರಡಿಯ ಪೈಲ್ವಾನರು ಉಂಡು ಮಲಗಿದ ಹೊತ್ತಿನಲ್ಲಿ, ಅವನನ್ನು ತನ್ನ ಮನೆಯ ಹಿತ್ತಲಿಗೆ ಕರೆಸಿಕೊಂಡ. ನಾಲ್ಕು ವರ್ಷ ಅಲ್ಲೇ ಕಲಿಸಿದ. ಆ ಗೋಡೆಗಳ ಒಳಗೆ ಹುಸೇನಸಾಬ ಅವನನ್ನು "ಬೇಟಾ" ಎನ್ನುತ್ತಿದ್ದ. ಹೊರಗೆ ಬೀದಿಯಲ್ಲಿ ಸಿಕ್ಕರೆ, "ಏ ನೀಲ್ಯಾ, ಮಣ್ಣ ಯಾವಾಗ ತರ್ತೀರಿ?" ಎಂದು ಕೇಳುತ್ತಿದ್ದ.

ಹುಸೇನಸಾಬನಿಗೆ ಬೇರೆ ದಾರಿ ಇರಲಿಲ್ಲ. ಗರಡಿ ಪಂಚರದು, ಪಂಚರ ಹಿರಿಯ ಫಕ್ಕೀರಗೌಡರು. ಅವನು ವಾಸವಾಗಿದ್ದ ಮನೆಯೂ ಗರಡಿಗೆ ಸೇರಿದ್ದು. ಹೆಂಡತಿ ಚಮನಬಿಯನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಊರಿನ ಕುಸ್ತಿಗಳಲ್ಲಿ ತನ್ನನ್ನೂ ಜೋಡಿ ಹಚ್ಚಬೇಕೆಂದು ನೀಲಪ್ಪ ಮೂರು ವರ್ಷ ಕೇಳಿದ. ಮೂರು ಸಲವೂ "ಈ ವರ್ಷ ಬ್ಯಾಡ ಬೇಟಾ" ಎಂಬ ಉತ್ತರ ಬಂತು. 1938ರಲ್ಲಿ ಸವಣೂರಿನ ತಾಲೀಮು, ಅಂದರೆ ಅಲ್ಲಿಯ ಗರಡಿ, ನೋಡಿಕೊಳ್ಳುತ್ತಿದ್ದ ವೀಳ್ಯದೆಲೆ ವ್ಯಾಪಾರಿ ಕುತುಬುದ್ದೀನ ಕರೆದಾಗ ಅವನು ಹೊರಟುಹೋದ. ಆಮೇಲೆ, ಅಪ್ಪ ತೀರಿಕೊಂಡ ಮೇಲೆ, ತಾಯಿ ಉಡಚವ್ವಳನ್ನೂ ಕರೆದುಕೊಂಡು ಹೋದ. ಸವಣೂರು ಶಿಗ್ಗಾಂವದಿಂದ ಹದಿಮೂರು ಮೈಲಿ. ಆದರೆ ಅದು ನವಾಬರ ಸಂಸ್ಥಾನ, ಬೇರೆ ರಾಜ್ಯ.

ಸವಣೂರಿನ ಪರವಾಗಿ ಮೊದಲ ಕುಸ್ತಿ ಹಿರೇಕೆರೂರಿನಲ್ಲಿ. ಕೂಗುವವನು ವಸ್ತಾದ ಯಾರೆಂದು ಕೇಳಿದಾಗ ನೀಲಪ್ಪ, "ಶಿಗ್ಗಾಂವಿ ಹುಸೇನಸಾಬ" ಎಂದ. ಎಂಟು ದಿನಕ್ಕೆ ಚಮನಬಿಯ ತಮ್ಮ ನಬೀಸಾಬ ಸವಣೂರಿಗೆ ಬಂದು ಹೇಳಿದ್ದಿಷ್ಟು:

"ಭಾವ ಹೇಳಿ ಕಳಸ್ಯಾನ, ಹೆಸರ ತಗೀಬ್ಯಾಡಂತ. ಗೌಡ್ರು ಕರಸಿ ಕೇಳಿದ್ರಂತ, ನೀ ಅವಂಗ ಕಲಿಸೀ ಏನು ಅಂತ. ಇಲ್ಲರಿ, ಅವಾ ಸುಳ್ಳ ಹೇಳ್ಯಾನ ಅಂತ ಹೇಳಿ ಬಂದಾನ."

ಆ ದಿನದಿಂದ ಗೆರೆ. ತಮ್ಮ ತಾಲೀಮಿನ ವಸ್ತಾದರ ಹೆಸರನ್ನಾದರೂ ಹಾಕಿಸು ಎಂದು ಕುತುಬುದ್ದೀನ ಎಷ್ಟೋ ಸಲ ಹೇಳಿದ. ನೀಲಪ್ಪ ಒಪ್ಪಲಿಲ್ಲ. "ಕಲಿಸಿದವರ ಹೆಸರ ಹೇಳಾಕ ಬರೂದಿಲ್ಲ. ಕಲಿಸದವರ ಹೆಸರ ಯಾಕ ಹೇಳ್ಲಿ?" ಎಂದ.

ಶಿಗ್ಗಾಂವದ ಕುಸ್ತಿ ಬೇಡವೆಂದು ಕುತುಬುದ್ದೀನ ಹೇಳಿದ್ದ. ಹಟ ಮಾಡಿ ಒಪ್ಪಿಕೊಂಡವನು ನೀಲಪ್ಪನೇ. ಬಸವಣ್ಣೆಪ್ಪನನ್ನು ಸೋಲಿಸುವುದು ಅವನಿಗೆ ಮುಖ್ಯವಾಗಿರಲಿಲ್ಲ.

"ವಸ್ತಾದರ ಕಣ್ಣ ಮುಂದ ಒಂದ ಸಲ ಕುಸ್ತಿ ಹಿಡೀಬೇಕ್ರಿ," ಎಂದ. "ನೋಡಿದ ಮ್ಯಾಲ ಅವರು ಸುಮ್ನ ಕುಂದರೂದಿಲ್ಲ. ಇಂವ ನನ್ನಾಂವ ಅಂತ ಆ ಊರ ಮುಂದ ಒಂದ ಸಲ ಅಂದ್ರ ಸಾಕು."

"ಅನ್ನಲಿಲ್ಲ ಅಂದ್ರ?"

"ಅಂತಾರ."

ಹುಸೇನಸಾಬನ ಬಾಯಿ ತೆರೆಸಲು ಬೇರೆಯವರೂ ಆಗಲೇ ತಯಾರಿ ನಡೆಸಿದ್ದರು. ಫೆಬ್ರುವರಿ 28ರಂದು ಹಾನಗಲ್ಲಿನ ದನದ ಸಂತೆಯಲ್ಲಿ ನಡೆದ ಕುಸ್ತಿಗೆ ಶಿಗ್ಗಾಂವದಿಂದ ನಾಲ್ಕು ಜನ ಹೋಗಿದ್ದರು. ಅಲ್ಲಿ ನೀಲಪ್ಪ ಹುಬ್ಬಳ್ಳಿಯ ಒಬ್ಬ ಪೈಲ್ವಾನನನ್ನು ನಾಲ್ಕು ನಿಮಿಷದಲ್ಲಿ ಚಿತ್ ಮಾಡಿದ. ಎರಡು ವರ್ಷಗಳ ಹಿಂದೆ ಅದೇ ಹುಬ್ಬಳ್ಳಿಯವನ ಜೊತೆ ಬಸವಣ್ಣೆಪ್ಪ ಐವತ್ತು ನಿಮಿಷ ಸೆಣಸಿ, ಕುಸ್ತಿ ಸಮ ಆಗಿತ್ತು. ನಾಲ್ವರೂ ಮರಳಿ ಬಂದು ಫಕ್ಕೀರಗೌಡರಿಗೆ ಸುದ್ದಿ ಹೇಳಿದರು. ಸವಣೂರಿನವನನ್ನು ಬಸವಣ್ಣೆಪ್ಪ ಸುಲಭವಾಗಿ ಕೆಡವುತ್ತಾನೆಂದೇ ಗೌಡರು ಈ ಜೋಡಿ ಹಚ್ಚಿದ್ದರು. ಹಸ್ತಪತ್ರಿಕೆ ಆಗಲೇ ಹಂಚಿಯಾಗಿತ್ತು. ತಾಲೂಕಿನ ಮಾಮಲೇದಾರರು ಬರಲು ಒಪ್ಪಿದ್ದರು. ಕೇರಿಯವನ ಜೊತೆ ಕುಸ್ತಿ ಹಿಡಿಯುವುದಿಲ್ಲವೆಂದು ಅವರ ಎದುರು ಹೇಳುವಂತಿಲ್ಲ. ಹೆದರಿಕೆ ಎಂದಂತೂ ಹೇಳುವಂತಿಲ್ಲ. ಉಳಿದದ್ದು ಕುಸ್ತಿಯ ಒಂದು ಹಳೆಯ ಕಟ್ಟಳೆ: ಒಬ್ಬ ವಸ್ತಾದನ ಇಬ್ಬರು ಶಿಷ್ಯರು ಬಹುಮಾನಕ್ಕಾಗಿ ಕಣದಲ್ಲಿ ಎದುರಾಗುವಂತಿಲ್ಲ. ಎಲ್ಲ ಊರುಗಳಲ್ಲೂ ಇದನ್ನು ಪಾಲಿಸುತ್ತಿದ್ದರು.

ಫಕ್ಕೀರಗೌಡರು ಹುಸೇನಸಾಬನನ್ನು ಕರೆಸಿದರು.

"ಹುಸೇನಸಾಬ, ನೀಲ್ಯಾ ನಿನ್ನ ಶಿಷ್ಯಾ ಹೌದೋ ಅಲ್ಲೋ?"

"ಐದ ವರ್ಷದ ಹಿಂದ ನೀವ ಕೇಳಿದ್ರಿ ಗೌಡ್ರ. ಅಲ್ಲ ಅಂತ ಹೇಳೇನಿ."

"ಅದು ಆವಾಗಿನ ಮಾತು. ಈಗ ಹೌದು ಅನ್ನಬೇಕಾಗೇತಿ."

ಹುಸೇನಸಾಬ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ.

"ಯಾಕೋ, ಸುಳ್ಳ ಹೇಳು ಅನ್ನಾಕತ್ತೇನೇನ? ಖರೇ ಹೇಳು ಅನ್ನಾಕತ್ತೇನಿ."

"ಹೇಳ್ತೇನ್ರಿ," ಎಂದ ಹುಸೇನಸಾಬ. "ಮಂದಿ ಮುಂದ ನಿಂತ ಹೇಳ್ತೇನಿ."

ಮನೆಗೆ ಬಂದು ತನ್ನ ಬಿಳಿ ಫೇಟಾ ಒಗೆದು ಗಂಜಿ ಹಾಕಲು ಚಮನಬಿಗೆ ಹೇಳಿದ. ಅವಳು, "ಈದ್ ಇನ್ನೂ ದೂರ ಐತಿ," ಎಂದಳು. "ಇರಲಿ, ಹಾಕು," ಎಂದ.

ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ನಿಂತಿದ್ದವು. ಸವಣೂರಿನ ಅರವತ್ತು ಜನ ಏಳು ಎತ್ತಿನ ಗಾಡಿಗಳಲ್ಲಿ ಬಂದರು. ಗಾಡಿಗಳು ಪೇಟೆಯ ತಿರುವಿಗೆ ಬರುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಜನ ನಿಂತಿದ್ದರು.

"ಬಂತಲೇ, ನವಾಬರ ಬಾಡಿಗಿ ಗೂಳಿ!"

"ನೀಲ್ಯಾ, ಸವಣೂರ ಎಲಿ ಅಷ್ಟ ರುಚಿ ಆತೇನಲೇ? ಊರ ಮರತಿ!"

"ಅವರಪ್ಪ ಜರಡಿ ಹಿಡದ ಮಣ್ಣಾಗ ಅವನ್ನ ಇವತ್ತ ಮಲಗಸೂದೈತಿ!"

ಯಾರೋ ಒಬ್ಬ ಬಾಡಿ ಹಳದಿಯಾದ ವೀಳ್ಯದೆಲೆಯ ಕಟ್ಟು ಬಿಚ್ಚಿ ಗಾಡಿಯ ಮೇಲೆ ತೂರಿದ. ಸವಣೂರು ಎಲೆಗೆ ಹೆಸರಾದ ಊರು. ತಮಾಷೆ ಎಲ್ಲರಿಗೂ ಹಿಡಿಸಿತು. ಆಮೇಲೆ ಎಲ್ಲ ಕಡೆಯಿಂದ ಎಲೆ ಬೀಳತೊಡಗಿತು. ಅಂಗಡಿಗಳ ಮುಂದಿನ ಕಸದಿಂದ ಆರಿಸಿಕೊಂಡು ಬಂದ ಕೊಳೆತ ಎಲೆಯೂ ಇತ್ತು. ಒಂದು ಎಲೆ ನೀಲಪ್ಪನ ಎದೆಗೆ ಅಂಟಿ ಉಳಿಯಿತು.

"ಸುಣ್ಣಾ ಅಡಕಿನೂ ಒಗದಿದ್ರ ಚಲೋ ಆಗತಿತ್ತು," ಎಂದ ಕುತುಬುದ್ದೀನ. ಯಾರೂ ನಗಲಿಲ್ಲ. ನೀಲಪ್ಪ ಎಲೆಯನ್ನು ಕಿತ್ತು ಗಾಡಿಯ ಆಚೆ ಹಾಕಿದ.

ಪೇಟೆಯ ಹಿಂದಿನ ಬಯಲಿನಲ್ಲಿ ಕಣ. ಜನ ಮೂರು ಸಾವಿರಕ್ಕೆ ಕಡಿಮೆ ಇರಲಿಲ್ಲ. ಪಶ್ಚಿಮಕ್ಕೆ ಹಲಗೆಗಳ ಕಟ್ಟೆ. ಅದರ ಮೇಲೆ ಮಾಮಲೇದಾರರು, ಫಕ್ಕೀರಗೌಡರು, ಉಳಿದ ಪಂಚರು. ಪಂಚರ ಹಿಂದೆ, ತುದಿಯಲ್ಲಿ, ಗಂಜಿ ಹಾಕಿದ ಬಿಳಿ ಫೇಟಾ ಸುತ್ತಿಕೊಂಡು ಹುಸೇನಸಾಬ ಕುಳಿತಿದ್ದ. ನೀಲಪ್ಪ ಮೊದಲು ನೋಡಿದ್ದು ಅವನನ್ನೇ. ಹುಸೇನಸಾಬನೂ ನೋಡಿದ. ಮುಖ ತಿರುಗಿಸಲಿಲ್ಲ; ಒಮ್ಮೆ ತಲೆಯಾಡಿಸಿದ. ಗೋಡೆಯ ಹೊರಗೆ ಅವನು ಹಾಗೆ ಮಾಡಿದ್ದು ಅದೇ ಮೊದಲು.

ಹತ್ತು ಜೋಡಿಗಳು ಮುಗಿಯುವಾಗ ನಾಲ್ಕೂವರೆ ಗಂಟೆ. ಬಸವಣ್ಣೆಪ್ಪ ಮತ್ತು ನೀಲಪ್ಪ ಲಂಗೋಟಿ ಬಿಗಿದುಕೊಂಡು ಕಣದ ಅಂಚಿಗೆ ಬಂದರು. ಹಲಗೆ ವಾದ್ಯದ ಬಡಿತ ಜೋರಾಯಿತು. ಆಗ ಫಕ್ಕೀರಗೌಡರು ಎದ್ದು ಕೈಯೆತ್ತಿದರು. ಬಡಿತ ನಿಂತಿತು.

"ಮಹಾಜನರ, ಒಂದ ಮಾತು. ನೀಲಪ್ಪ ಬ್ಯಾರೇ ಊರಿಂದ ಬಂದಿರಬಹುದು. ಬ್ಯಾರೆಯಾಂವ ಅಲ್ಲ. ಅಂವ ನಮ್ಮ ಗರಡಿ ಪೈಲ್ವಾನ. ನಮ್ಮ ವಸ್ತಾದರ ಶಿಷ್ಯಾ. ಒಬ್ಬ ವಸ್ತಾದರ ಇಬ್ಬರು ಶಿಷ್ಯರಿಗೆ ಜೋಡಿ ಹಚ್ಚೂದು ನಮ್ಮ ಪದ್ಧತಿ ಅಲ್ಲ. ವಸ್ತಾದರ, ಹೇಳ್ರಿ."

ಹುಸೇನಸಾಬ ಎದ್ದು ಮುಂದೆ ಬಂದ. ಅವನಿಗೆ ಆಗ ಅರವತ್ತೆರಡು ವರ್ಷ. ಧ್ವನಿ ಮಾತ್ರ ಗರಡಿಯಲ್ಲಿ ಎಣಿಕೆ ಹೇಳುವಾಗಿನಷ್ಟೇ ಗಟ್ಟಿಯಾಗಿತ್ತು.

"ನೀಲಪ್ಪ ನನ್ನ ಶಿಷ್ಯಾ. ನಾಕ ವರ್ಷ ನನ್ನ ಕೈಯಾಗ ಕಲ್ತಾನ." ನೀಲಪ್ಪನ ಕಡೆ ತಿರುಗಿದ. "ಇಂಥಾ ಶಿಷ್ಯಾ ನನಗ ಇನ್ನೊಬ್ಬ ಸಿಕ್ಕಿಲ್ಲ."

ಕೊನೆಯ ಮಾತನ್ನು ಹೇಳಲು ಗೌಡರು ಹೇಳಿರಲಿಲ್ಲ. ಬಸವಣ್ಣೆಪ್ಪ ತಲೆ ತಗ್ಗಿಸಿದ.

ಜನ ಅರೆಗಳಿಗೆ ಗೊಂದಲದಲ್ಲಿದ್ದರು. ಆಮೇಲೆ ಒಮ್ಮೆಗೇ ಕೂಗೆದ್ದಿತು. "ನಮ್ಮಾಂವ! ನಮ್ಮ ಗರಡಿಯಾಂವ!" "ಶಿಗ್ಗಾಂವಿ ಹುಲಿ!" ಎಲೆ ತೂರಿದವರ ಗಂಟಲೇ ಹೆಚ್ಚು ದೊಡ್ಡದಾಗಿತ್ತು. ಇಬ್ಬರು ಹುಲಿಗಳೂ ತಮ್ಮೂರಿನವರೇ ಆದ ಮೇಲೆ ಸೋಲುವ ಭಯ ಇರಲಿಲ್ಲ. ಕುತುಬುದ್ದೀನ, "ಹದಿಮೂರ ಮೈಲಿ ಬಂದೇವಿ, ಇದೇನ್ ಆಟ?" ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ.

ನೀಲಪ್ಪನಿಗೂ ಕೇಳಲಿಲ್ಲ. ಅವನು ಬಂದದ್ದು ಯಾವ ಮಾತಿಗಾಗಿಯೋ ಆ ಮಾತು ಆಡಿಯಾಗಿತ್ತು. ಕುಸ್ತಿ ಹೋದರೆ ಹೋಗಲಿ ಎಂದುಕೊಂಡೆನೆಂದು ಆಮೇಲೆ ಕುತುಬುದ್ದೀನನಿಗೆ ಅವನೇ ಹೇಳಿದ. ವಸ್ತಾದನ ಕಾಲು ಮುಟ್ಟಲು ಕಟ್ಟೆಯ ಕಡೆ ನಡೆದ.

ಫಕ್ಕೀರಗೌಡರು ಇಬ್ಬರಿಗೂ ಫೇಟಾದ ಮರ್ಯಾದೆ ಎಂದು ಸಾರಿದರು. ಬಸವಣ್ಣೆಪ್ಪನನ್ನು ಕಟ್ಟೆಯ ಮೇಲೆ ಕರೆದು, ಕೇಸರಿ ಫೇಟಾವನ್ನು ತಮ್ಮ ಕೈಯಿಂದಲೇ ಅವನ ತಲೆಗೆ ಸುತ್ತಿದರು. ಎರಡನೆಯ ಫೇಟಾವನ್ನು, ಮಡಿಕೆ ಬಿಚ್ಚದೆ, ಕಟ್ಟೆಯ ಅಂಚಿನ ಹಲಗೆಯ ಮೇಲೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

"ತಗೋ, ನೀಲ್ಯಾ."

ನೀಲಪ್ಪ ಕೆಳಗೆ ನಿಂತಿದ್ದ. ಫೇಟಾ ಅವನ ಎದೆಯ ಮಟ್ಟಕ್ಕಿತ್ತು. ಅವನು ಅದನ್ನು ನೋಡಲಿಲ್ಲ, ಹುಸೇನಸಾಬನನ್ನು ನೋಡಿದ. ಶಿಷ್ಯನಿಗೆ ಫೇಟಾ ಸುತ್ತುವುದು ವಸ್ತಾದನ ಹಕ್ಕು. ಹುಸೇನಸಾಬ ಕುಳಿತಲ್ಲಿಂದ ಅರ್ಧ ಎದ್ದ. ಗೌಡರು ತಿರುಗಿ ಅವನ ಕಡೆ ನೋಡಿದರು. ಹುಸೇನಸಾಬ ಮತ್ತೆ ಕುಳಿತ.

ನೀಲಪ್ಪ ಮಾಮಲೇದಾರರ ಕಡೆ ಹೊರಳಿ ಕೈಮುಗಿದ.

"ಸಾಹೇಬ್ರ, ನಾ ಈ ಗರಡಿಯಾಂವ ಅಲ್ಲರಿ. ಹಾಜರಿ ಪುಸ್ತಕ ತರಸಿ ನೋಡ್ರಿ."

ಪೇಟೆ ಗರಡಿಗೆ ಸರಕಾರದ ಕಡೆಯಿಂದ ವರ್ಷಕ್ಕೊಮ್ಮೆ ಅನುದಾನ ಬರುತ್ತಿತ್ತು. ಅದಕ್ಕಾಗಿ ಪೈಲ್ವಾನರ ಹಾಜರಿ ಪುಸ್ತಕ ಇಟ್ಟು ಕಚೇರಿಗೆ ತೋರಿಸಬೇಕಿತ್ತು. ಮಾಮಲೇದಾರರಿಗೆ ಆ ಪುಸ್ತಕದ ಗುರುತಿತ್ತು. ಕುಸ್ತಿಯಲ್ಲಿ ಅವರಿಗೆ ಅಂಥ ಆಸಕ್ತಿ ಇರಲಿಲ್ಲ, ಕಾಗದದಲ್ಲಿ ಇತ್ತು. ತರಿಸಿದರು. 1934ರಿಂದ 1938ರ ವರೆಗಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ನಲವತ್ತಮೂರು ಹೆಸರುಗಳು. ಮೂರು ಸಾವಿರ ಜನ ಕಾದರು.

"ಇದರಲ್ಲಿ ನೀಲಪ್ಪ ಎಂಬ ಹೆಸರು ಇಲ್ಲವಲ್ಲ ಗೌಡರೆ?"

"ಬರಕೊಳ್ಳೂದ ಬಿಟ್ಟಿರಬೇಕ್ರಿ, ಕಾರಕೂನನ ತಪ್ಪು."

"ನಾಲ್ಕು ವರ್ಷ?"

ಗೌಡರು ಉತ್ತರ ಹುಡುಕುವಷ್ಟರಲ್ಲಿ ಹುಸೇನಸಾಬ ಎದ್ದು ನಿಂತ. "ಸಾಹೇಬ್ರ, ಗರಡ್ಯಾಗ ಅಲ್ಲರಿ. ನಮ್ಮ ಮನಿ ಹಿತ್ತಲದಾಗ ಕಲಿಸಿದೆ. ಯಾರಿಗೂ ಹೇಳಿಲ್ಲ."

ಪಂಚರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಬೇಕಾದದ್ದು ಶಿಷ್ಯ ಎಂಬ ಮಾತು. ಈ ವಿವರ ಬೇಕಿರಲಿಲ್ಲ. ಮಾಮಲೇದಾರರು ಪುಸ್ತಕ ಮುಚ್ಚಿ ನೀಲಪ್ಪನನ್ನು ಕೇಳಿದರು.

"ಪುಸ್ತಕದಲ್ಲಿ ನೀನಿಲ್ಲ. ಇವರು ಕಲಿಸಿದ್ದೇನೆ ಎನ್ನುತ್ತಾರೆ. ನೀನು ಹೇಳು. ಇವರು ನಿನ್ನ ವಸ್ತಾದರು ಹೌದೋ ಅಲ್ಲವೋ?"

ನೀಲಪ್ಪನ ಕಣ್ಣೆದುರು ಫೇಟಾ ಹಲಗೆಯ ಮೇಲೆ ಹಾಗೆಯೇ ಇತ್ತು.

"ಅಲ್ಲರಿ," ಎಂದ. "ಇವರು ನನಗ ಕಲಿಸಿಲ್ಲ. ನಮ್ಮಪ್ಪ ಇವರ ಗರಡಿಗೆ ಮಣ್ಣ ತಂದ ಕೊಡತಿದ್ದ. ಅಷ್ಟ ಗುರ್ತು."

ಹುಸೇನಸಾಬ ಕುಳಿತುಕೊಳ್ಳಲು ಹಿಂದೆ ಕೈಚಾಚಿ ಜಾಗ ತಡಕಿದ.

ಮಾಮಲೇದಾರರು ಕುಸ್ತಿ ನಡೆಯಲಿ ಎಂದರು. ನಿಕಾಲಿ ಕುಸ್ತಿ, ಒಬ್ಬರ ಬೆನ್ನು ಮಣ್ಣಿಗೆ ತಾಗುವ ತನಕ ನಿಲ್ಲಿಸುವಂತಿಲ್ಲ. ಬಸವಣ್ಣೆಪ್ಪ ಈಗಷ್ಟೇ ಸುತ್ತಿಸಿಕೊಂಡ ಫೇಟಾ ತೆಗೆದು ಕೆಳಗಿಟ್ಟ.

ಕೈ ಕೂಡಿದ್ದು ಐದು ಗಂಟೆ ಎಂಟು ನಿಮಿಷಕ್ಕೆ. ಜನರ ಕ್ರೋಧಕ್ಕೆ ಈಗ ಹೊಸ ಕಾರಣ ಸಿಕ್ಕಿತ್ತು.

"ವಸ್ತಾದನ್ನ ಇಲ್ಲಂದ್ಯಲೇ, ನಾಳಿಗಿ ಅವ್ವನ್ನೂ ಇಲ್ಲಂತಿ!"

"ಬಸಣ್ಣೆ, ಕುತ್ತಿಗಿ ಮುರಿ ಆ ಮಗಂದು!"

ಮೊದಲ ಇಪ್ಪತ್ತು ನಿಮಿಷ ನೋಡಿದವರು ಸವಣೂರಿನ ನೀಲಪ್ಪನ ಬಗ್ಗೆ ಕೇಳಿದ್ದೆಲ್ಲ ಉತ್ಪ್ರೇಕ್ಷೆ ಎಂದುಕೊಂಡರು. ಅವನು ನಿಧಾನವಾಗಿದ್ದ. ಬಸವಣ್ಣೆಪ್ಪನ ಎಡಗೈ ಎರಡು ಸಲ ಕಾವಲಿಲ್ಲದೆ ಸಿಕ್ಕಿತು, ಹಿಡಿಯಲಿಲ್ಲ. ಒಮ್ಮೆ ಬಸವಣ್ಣೆಪ್ಪ ಮುಗ್ಗರಿಸಿ ಪೂರ್ತಿ ಬೆನ್ನು ಕೊಟ್ಟ, ಆಗಲೂ ಬಿಟ್ಟ. ಕಾರಣ ಕಟ್ಟೆಯ ಮೇಲಿದ್ದ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಮೂರೂ ಕಡೆ ಹಾಕಬೇಕಾದ ಪಟ್ಟುಗಳು ಹುಸೇನಸಾಬ ಕಲಿಸಿದವು. ಹುಸೇನಸಾಬ ಕಲಿಸಿಯೇ ಇಲ್ಲವೆಂದು ಹೇಳಿದವನು ಆ ಪಟ್ಟುಗಳನ್ನು ಹಾಕುವಂತಿರಲಿಲ್ಲ. ಸವಣೂರಿಗೆ ಹೋದ ಮೇಲೆ ಕಣಗಳಲ್ಲಿ ತಾನೇ ಕಂಡು ಕಲಿತದ್ದರಲ್ಲಿ ಮಾತ್ರ ನೀಲಪ್ಪ ಆಡುತ್ತಿದ್ದ. ಅದು ಸಾಕಾಗುತ್ತಿರಲಿಲ್ಲ.

ಇಪ್ಪತ್ತಾರನೆಯ ನಿಮಿಷದಲ್ಲಿ ಬಸವಣ್ಣೆಪ್ಪ ಹಿಂದಿನಿಂದ ಸೊಂಟ ಹಿಡಿದು, ತನ್ನ ಬಲಗಾಲನ್ನು ನೀಲಪ್ಪನ ಕಾಲಿನ ಒಳಗೆ ಸಿಕ್ಕಿಸಿದ. ಇನ್ನು ಮುಂದಕ್ಕೆ ತಳ್ಳಿ ಹೊರಳಿಸುವುದಷ್ಟೇ ಉಳಿದಿತ್ತು. ಜನ ಎದ್ದು ನಿಂತರು. ಇಂಥ ಹೊತ್ತಿನಲ್ಲಿ ಯಾರೇ ಆದರೂ ಸಿಕ್ಕಿದ ಕಾಲನ್ನು ಬಿಡಿಸಿಕೊಳ್ಳಲು ನೋಡುತ್ತಾರೆ, ಅಲ್ಲೇ ಬೀಳುತ್ತಾರೆ. ಹುಸೇನಸಾಬ ಮಾತ್ರ ಬೇರೆಯದನ್ನು ಕಲಿಸುತ್ತಿದ್ದ: ಕಾಲು ಬಿಡಿಸಬೇಡ, ಕಾಲು ಅವನಿಗೇ ಕೊಟ್ಟು ಕುಳಿತುಬಿಡು, ನೀನು ಅವನ ಕೈ ತಗೋ. ಹಿತ್ತಲಿನಲ್ಲಿ ನೀಲಪ್ಪ ಅದನ್ನು ಸಾವಿರಾರು ಸಲ ಮಾಡಿದ್ದ. ಈಗ ಮಾಡಿದನೋ, ದೇಹವೇ ಮಾಡಿತೋ ಹೇಳುವುದು ಕಷ್ಟ. ಅವನು ಸಿಕ್ಕಿದ ಕಾಲಿನ ಮೇಲೆಯೇ ಕುಸಿದು ಕುಳಿತ, ಬಸವಣ್ಣೆಪ್ಪನ ಮಣಿಕಟ್ಟನ್ನು ಕಂಕುಳಲ್ಲಿ ಅದುಮಿದ, ಹೆಗಲು ಕೊಟ್ಟು ಹೊರಳಿದ. ಬಸವಣ್ಣೆಪ್ಪ ಅವನ ಮೇಲಿಂದ ಹಾದು ಬೆನ್ನ ಮೇಲೆ ಬಿದ್ದ.

ಸವಣೂರಿನ ಅರವತ್ತು ಜನ ಕೂಗಿದರು. ಬಯಲಿನಲ್ಲಿ ಬೇರೆ ಸದ್ದಿರಲಿಲ್ಲ.

ಬಸವಣ್ಣೆಪ್ಪ ಮಲಗಿದಲ್ಲಿಂದಲೇ ಮೆಲ್ಲಗೆ, "ಇದು ನಮ್ಮ ವಸ್ತಾದರ ಡಾವಲೇ," ಎಂದ.

ನೀಲಪ್ಪ ಕೈ ಕೊಟ್ಟು ಅವನನ್ನು ಎಬ್ಬಿಸಿದ. ಬಸವಣ್ಣೆಪ್ಪ ಅದನ್ನು ಗಟ್ಟಿಯಾಗಿ ಹೇಳಿದ್ದರೆ ಕುಸ್ತಿ ರದ್ದಾಗಬಹುದಿತ್ತು. ಹೇಳಲಿಲ್ಲ. ಅದೇ ಪಟ್ಟನ್ನು ಅವನಿಗೂ ಎಂಟು ವರ್ಷ ಕಲಿಸಲಾಗಿತ್ತು, ಅವನಿಗೆ ಬಂದಿರಲಿಲ್ಲ.

ಕಟ್ಟೆಯ ಮೇಲೆ ಫಕ್ಕೀರಗೌಡರೂ ಅದನ್ನು ಗುರುತಿಸಿದ್ದರು. ಮಾಮಲೇದಾರರು ಬಹುಮಾನದ ಬೆಳ್ಳಿಯ ಕಡಗವನ್ನು ಗೆದ್ದವನ ಕೈಗೆ ಕೊಟ್ಟು ಹೊರಟುಹೋಗುವ ತನಕ ಸುಮ್ಮನಿದ್ದು, ಆಮೇಲೆ ಹುಸೇನಸಾಬನ ಹತ್ತಿರ ಬಂದರು.

"ಇವತ್ತ ನೀ ಸುಳ್ಳ ಹೇಳಿದ್ದಿ ಅಂದ್ರ, ಸಾಹೇಬ್ರ ಮುಂದ ಗರಡಿ ಮಾನಾ ಕಳದಿ. ಖರೇ ಹೇಳಿದ್ದಿ ಅಂದ್ರ, ನಾಕ ವರ್ಷ ನಮ್ಮ ಅನ್ನಾ ಉಂಡು ಕೇರಿಯಾಂವಂಗ ನಮ್ಮ ಡಾವ ಕೊಟ್ಟಿ. ಯಾವುದು ಅಂತ ನಾ ಕೇಳೂದಿಲ್ಲ. ನಾಳಿಂದ ಗರಡಿಗೆ ಬರಬ್ಯಾಡ. ಮನಿ ಎಂಟ ದಿನದಾಗ ಬಿಡು."

ಈ ಮಾತು ಕಣದ ಸುತ್ತ ಹಬ್ಬಲು ಹತ್ತು ನಿಮಿಷ ಸಾಕಾಯಿತು. ಗಾಡಿ ಕಟ್ಟುತ್ತಿದ್ದ ಕುತುಬುದ್ದೀನನೇ ನೀಲಪ್ಪನಿಗೆ ಅದನ್ನು ಹೇಳಿದ. ನೀಲಪ್ಪ ಮೈಮೇಲಿನ ಮಣ್ಣನ್ನೂ ತೊಳೆದುಕೊಳ್ಳದೆ ಹುಸೇನಸಾಬನ ಮನೆಗೆ ಹೋದ. ಇನ್ನೂ ಬಿಸಿಲಿತ್ತು.

ಚಮನಬಿ ಪಾತ್ರೆಗಳನ್ನು ಗೋಣಿಚೀಲದಲ್ಲಿ ತುಂಬುತ್ತಿದ್ದಳು. ತಲೆಯೆತ್ತಿ, "ಮುಂಚಿ ಬಾಗಲದಿಂದ ಬಂದ್ಯಲ್ಲೋ ಇವತ್ತ," ಎಂದಳು. ಅಷ್ಟೇ.

ಹುಸೇನಸಾಬ ಗೋಡೆಗೆ ಒರಗಿ ಕುಳಿತಿದ್ದ. ಕೂಡು ಎನ್ನಲಿಲ್ಲ.

"ಅಂವ ಒಳಗಾಲ ಹಾಕಿದಾಗ ಏನ್ ಮಾಡಿದಿ?"

"ಕಾಲ ಬಿಟ್ಟಕೊಟ್ಟೆ. ಕೈ ತಗೊಂಡೆ."

"ಯಾರ ಕಲಿಸಿದ್ರು?"

ನೀಲಪ್ಪ ಬಾಗಿಲ ಕಡೆ ನೋಡಿದ.

"ಹೇಳು. ಇಲ್ಲಿ ಮಾಮಲೇದಾರ ಇಲ್ಲ, ಗೌಡ ಇಲ್ಲ."

"ನೀವ್ರಿ."

"ಹೌದಾ?" ಹುಸೇನಸಾಬ ನಕ್ಕ. "ಮೂರ ಸಾವಿರ ಮಂದಿ ಮುಂದ ನಾ ಹೇಳಿದೆ. ನೀ ನಾಕ ಗ್ವಾಡಿ ನಡುವ ಬಂದ ಹೇಳಾಕತ್ತಿ."

"ನೀವೂ ನಾಕ ವರ್ಷ ಇಲ್ಲೇ ಹೇಳಿದ್ರಿ."

ಚಮನಬಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಹೇಳೂದ ಹೇಳಿದ್ರಿ," ಎಂದ ನೀಲಪ್ಪ ಮತ್ತೆ. "ಫೇಟಾ ಎತ್ತಿ ಕೊಡಾಕ ಎದ್ದ್ರಿ, ಕುಂತ್ರಿ. ಅದೊಂದ ಕೊಟ್ಟಿದ್ರ ನಾ ಕುಸ್ತಿ ಬಿಟ್ಟ ನಿಮ್ಮ ಕಾಲಾಗ ಬೀಳತಿದ್ದೆ."

"ಹೌದು," ಎಂದ ಹುಸೇನಸಾಬ. ಅದರಲ್ಲಿ ಸಿಟ್ಟಿರಲಿಲ್ಲ. "ಕುಂತೆ. ಮೂವತ್ತ ವರ್ಷ ಅವರು ನೋಡಿದಾಗೆಲ್ಲಾ ಕುಂತೇನಿ. ನೀ ಒಂದ ದಿನ ತಡಕೊಂಡಿದ್ರ, ಅಲ್ಲ ಅನ್ನದ ಸುಮ್ನ ಹೋಗಿದ್ರ, ನನ್ನ ಖರೇ ಮಾತೊಂದ ಈ ಊರಾಗ ಉಳೀತಿತ್ತು. ಹೋಗಿನ್ನ. ಗಾಡಿ ಕಾಯತಿರತಾವು."

ನೀಲಪ್ಪ ಕಾಲು ಮುಟ್ಟಲು ಬಾಗಿದ. ಹುಸೇನಸಾಬ ಎರಡೂ ಕಾಲುಗಳನ್ನು ಮಡಚಿ ಲುಂಗಿಯೊಳಗೆ ಎಳೆದುಕೊಂಡ.

ಏಳು ಗಾಡಿಗಳು ಮರಳಿ ಪೇಟೆಯಲ್ಲಿ ಹಾದುಹೋಗುವಾಗ ಯಾರೂ ಎಲೆ ತೂರಲಿಲ್ಲ, ಯಾರೂ ಕೂಗಲಿಲ್ಲ. ಅಂಗಡಿಕಾರರು ಮುಖ ತಿರುಗಿಸಿಕೊಂಡು ಕುಳಿತಿದ್ದರು. ಕಿರಾಣಿ ಅಂಗಡಿಯ ಮುದುಕ ದ್ಯಾಮಪ್ಪ ಒಬ್ಬನೇ ಕಟ್ಟೆಯಿಂದಿಳಿದು ಬಂದು, ಮೊದಲ ಗಾಡಿಯ ಗಾಲಿಯ ಹತ್ತಿರ ಉಗುಳಿದ.

"ಕಲಿಸಿದಾವನ್ನ ಇಲ್ಲ ಅಂದಿ. ನಿನ್ನ ಹೊಟ್ಟಿ ತಣ್ಣಗಿರಲಿ."

ನೀಲಪ್ಪ ಗಾಡಿ ನಿಲ್ಲಿಸಿದ. "ಯಾರ ಕಲಿಸಿದ್ರು ಅಂತೀರಿ ನನಗ?"

"ಹುಸೇನಸಾಬ. ಮತ್ತ ಯಾರು?"

"ನಿಮಗ ಇವತ್ತ ಗೊತ್ತಾತು?"

"ಇವತ್ತ ಯಾಕ?" ಎಂದ ದ್ಯಾಮಪ್ಪ. "ಮೊದಲಿಂದ ಗೊತ್ತೈತಿ. ದಿನಾ ಮಧ್ಯಾಹ್ನ ನೀ ಹೊಕ್ಕಿದ್ದಿ, ಬರತಿದ್ದಿ. ಊರಿಗೆಲ್ಲಾ ಗೊತ್ತೈತಿ. ಗೌಡ್ರಿಗೂ ಗೊತ್ತಿತ್ತು."

ಕುತುಬುದ್ದೀನ ಗಾಡಿ ಹೊಡೆಯುವವನ ಹೆಗಲು ತಟ್ಟಿದ. ಎತ್ತುಗಳು ಹೆಜ್ಜೆ ಹಾಕಿದವು.